ಲೈನಿಂಗ್ ಬಟ್ಟೆಯ ಗರ್ಭಕೋಶ

ಮೂರು ಹೆತ್ತು, ಐವತ್ತೆರಡು ವರ್ಷ ತುಂಬಿದ ಮೇಲೆ, ನನ್ನ ಮೈಗೆ ಕೆಳಗಡೆ ಎಷ್ಟು ದ್ವಾರಗಳಿವೆ ಎಂಬುದು ನನಗೆ ಗೊತ್ತಾಯಿತು. ನಗಬೇಡ ಮಗಳೇ. ಮೊದಲು ನಿನ್ನ ಅತ್ತೆಯನ್ನು ಕೇಳು, ಆಮೇಲೆ ನಗು.

ಆಗ ನಾನು ಹೊಲಿಗೆ ಕಾರ್ಖಾನೆಯ ಚೆಕಿಂಗ್ ಮೇಜಿನಲ್ಲಿದ್ದೆ. ನಲವತ್ತು ಮಿಷನ್ನುಗಳು ಹೊಲಿದದ್ದನ್ನೆಲ್ಲ ಟ್ಯೂಬ್‌ಲೈಟಿನಡಿ ಹಿಂದೆ ಮುಂದೆ ತಿರುವಿ ತಪ್ಪು ಹುಡುಕುವುದು ನನ್ನ ಕೆಲಸ. ಮನೆಯಲ್ಲೂ ಅದನ್ನೇ ಮಾಡುತ್ತೀಯಲ್ಲ ಎಂದು ನಿನ್ನ ದೊಡ್ಡಪ್ಪ ರೇಗಿಸುತ್ತಿದ್ದರು. ಮನೆಯಲ್ಲಿ ಸಂಬಳ ಇಲ್ಲ, ಅಷ್ಟೇ ವ್ಯತ್ಯಾಸ. ನನ್ನ ಪಕ್ಕದ ಮಿಷನ್ನು ಕಾಜಾ ಅಕ್ಕನದು. ಅಂಗಿಯ ಗುಂಡಿ ತೂರಿಸುವ ತೂತಿಗೆ ಕಾಜಾ ಅನ್ನುತ್ತಾರಲ್ಲ, ಬೆಳಗಿನಿಂದ ಸಂಜೆವರೆಗೆ ಅದನ್ನೇ ಹೊಡೆಯುತ್ತಿದ್ದಳು, ಅದಕ್ಕೇ ಆ ಹೆಸರು. ನನ್ನದೇ ವಯಸ್ಸು, ನಾಲ್ಕು ಮಕ್ಕಳ ತಾಯಿ. ಬಾಯಿ ತೆರೆದರೆ ಇಡೀ ಸಾಲು ಬಿದ್ದು ಬಿದ್ದು ನಗಬೇಕು.

ಅಂಥವಳು ಆ ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದಳು. ಕುರ್ಚಿಯಲ್ಲಿ ಒಂದೇ ಮಗ್ಗುಲಿಗೆ ಕೂರುತ್ತಿದ್ದಳು. ಒಂದು ದಿನ ತನ್ನ ಒಳ್ಳೆಯ ಕತ್ತರಿಯನ್ನು ನನ್ನ ಕೈಗಿಟ್ಟು, “ಇಟ್ಕೋ. ನನಗಿನ್ನು ಎಷ್ಟು ದಿನ ಬೇಕಾಗುತ್ತೆ?” ಅಂದಳು. ಕೆಲಸ ಬಿಡುತ್ತಿದ್ದಾಳೆ ಅಂದುಕೊಂಡೆ. ಊಟದ ಹೊತ್ತಿನಲ್ಲಿ ಪೀಡಿಸಿ ಕೇಳಿದಾಗ ಡಬ್ಬಿಯ ಮುಚ್ಚಳ ಒತ್ತುತ್ತ ಹೇಳಿದಳು.

“ಕೆಳಗೆ ಗಡ್ಡೆ ಆಗಿದೆ ಕಣೇ. ಮೂರು ವರ್ಷ ಆಯ್ತು. ಸಂಜೆ ಹೊತ್ತಿಗೆ ಹೊರಗೇ ಬಂದು ಕೈಗೆ ಸಿಗುತ್ತೆ. ನಮ್ಮ ಚಿಕ್ಕಮ್ಮ ಗಡ್ಡೆಯಿಂದಾನೇ ಹೋದ್ಲು. ಈಗ ನನ್ನ ಸರದಿ.”

ನಾನು ಡಬ್ಬಿಯನ್ನು ಪಕ್ಕಕ್ಕೆ ಸರಿಸಿದೆ. “ಡಾಕ್ಟರಿಗೆ ತೋರಿಸಿದ್ಯಾ?”

“ಏನಂತ ಹೇಳಿ ತೋರಿಸ್ಲಿ? ಆ ಜಾಗಕ್ಕೆ ಬೈಗುಳದಲ್ಲಿ ಬರೋ ಹೆಸರು ಬಿಟ್ರೆ ಬೇರೆ ಗೊತ್ತಿಲ್ಲ ನನಗೆ. ಡಾಕ್ಟರ ಮುಂದೆ ಕೂತು ಬೈಯ್ಲಾ?”

ಅವಳನ್ನು ಒಪ್ಪಿಸಲು ನನ್ನಿಂದ ಆಗಲಿಲ್ಲ. ಯಾಕೆಂದರೆ ಹೆಸರು ನನಗೂ ಗೊತ್ತಿರಲಿಲ್ಲ.

ಅದೇ ವಾರ ನಮ್ಮ ಕೆಲಸ ನೋಡಿಕೊಳ್ಳುವ ಮಾಸ್ಟರು ಒಂದು ಹಾಳೆಯನ್ನು ತುದಿ ಹಿಡಿದು, ಸತ್ತ ಜಿರಳೆ ತರುವ ಹಾಗೆ ತಂದು ನನ್ನ ಮೇಜಿನ ಮೇಲೆ ಹಾಕಿದರು. ಆರೋಗ್ಯ ಕೇಂದ್ರದ ನರ್ಸಮ್ಮ ಹೆಂಗಸರಿಗೆ ಪಾಠ ಮಾಡಲು ಹನ್ನೆರಡು ಬಟ್ಟೆಯ ಮಾದರಿ ಹೊಲಿಸುತ್ತಿದ್ದರು. ಲೈನಿಂಗ್ ಬಟ್ಟೆಯೊಳಗೆ ಹತ್ತಿ ತುಂಬಿದ, ಮುಷ್ಟಿ ಗಾತ್ರದ ಗರ್ಭಕೋಶ. ಅದರ ಕೆಳಗೆ ಅದೇ ಬಟ್ಟೆಯ ಕೊಳವೆ. ಅದರ ತುದಿಗೆ, ಹೊರಗೆ ಕಾಣುವ ಭಾಗ ಎಂದು ಒಂದು ಪಟ್ಟಿ. ಪಟ್ಟಿಯ ಪಕ್ಕ ‘ತೂತು: ಮೂರು’ ಅಂತ ಬರೆದಿತ್ತು.

ತಪ್ಪು ಹಿಡಿಯುವ ಕಣ್ಣಲ್ಲವೇ ನನ್ನದು? “ಒಂದು ಜಾಸ್ತಿ ಬರೆದಿದ್ದಾರೆ,” ಅಂದೆ.

ಕಾಜಾ ಅಕ್ಕ ಬಗ್ಗಿ ನೋಡಿದಳು. “ಮುಂದೆ ಒಂದು, ಹಿಂದೆ ಒಂದು. ನಾಲ್ಕು ಹೆತ್ತೋಳು ನಾನು, ಗೊತ್ತಿಲ್ವಾ? ಎರಡೇ.”

ಕೆಂಪು ಪೆನ್ಸಿಲಿನಲ್ಲಿ ಮೂರನ್ನು ಎರಡು ಮಾಡಿದೆ. ಹನ್ನೆರಡು ಮಾದರಿಗೂ ಎರಡೆರಡೇ ಕಾಜಾ. ಹನ್ನೆರಡಕ್ಕೂ ‘ಪಾಸ್’ ಎಂದು ಮುದ್ರೆ ಒತ್ತಿದವಳು ನಾನೇ.

ನರ್ಸಮ್ಮ ಬಂದು ಒಂದನ್ನು ಎತ್ತಿದರು, ತಿರುಗಿಸಿದರು, ಇನ್ನೊಂದನ್ನು ಎತ್ತಿದರು. “ಇನ್ನೊಂದೆಲ್ಲಿ?”

“ನಿಮ್ಮ ಹಾಳೇಲಿ ತಪ್ಪಾಗಿತ್ತು ನರ್ಸಮ್ಮ. ನಾವೇ ಸರಿ ಮಾಡಿದ್ವಿ.”

ನರ್ಸಮ್ಮ ಪಕ್ಕದ ಸ್ಟೂಲಿನ ಮೇಲೆ ಕುಸಿದು ಕೂತರು. “ಮೂತ್ರ ಬರೋದು ಎಲ್ಲಿಂದ, ಮಗು ಬರೋದು ಎಲ್ಲಿಂದ?”

“ಒಂದೇ ಕಡೆಯಿಂದ ಅಲ್ವಾ?” ಅಂದೆ. ಸುತ್ತ ನೆರೆದಿದ್ದವರೆಲ್ಲ ತಲೆ ಆಡಿಸಿದರು.

“ಅಲ್ಲ!”

ಮಿಷನ್ನುಗಳು ನಿಂತವು. ಆಮೇಲೆ ಬಟ್ಟೆ ಬದಲಿಸುವ ಕೋಣೆಯ ಕೈಗನ್ನಡಿ ಹಿಡಿದು ಟಾಯ್ಲೆಟ್ಟಿಗೆ ಹೋಗುವ ಸರದಿ ಶುರುವಾಯಿತು. ಹೋದವಳು ಹೊರಗೆ ಬರುವಾಗ ಮುಖ ಬಿಳಿಚಿರುತ್ತಿತ್ತು, ಮುಂದಿನವಳ ಕೈಗೆ ಕನ್ನಡಿ ಕೊಡುತ್ತಿದ್ದಳು. ನಾನೂ ಹೋದೆ. ಇದೆ ಮಗಳೇ, ಮೂರೂ ಇದೆ! ಐವತ್ತೆರಡು ವರ್ಷ ಬಾಡಿಗೆಗಿದ್ದ ಮನೆಯಲ್ಲಿ ಇನ್ನೊಂದು ಬಾಗಿಲು ಸಿಕ್ಕ ಹಾಗಾಯಿತು.

“ಏನ್ರೀ ಇದು, ಎಲ್ರೂ ಕನ್ನಡಿ ಹಿಡ್ಕೊಂಡು ಟಾಯ್ಲೆಟ್ಟಿಗೆ?” ಎಂದು ಮಾಸ್ಟರು ಕೂಗಿದರು.

“ಚೆಕಿಂಗ್ ನಡೀತಿದೆ ಮಾಸ್ಟ್ರೇ,” ಅಂದೆ. ಅವರು ಬಂದ ದಾರಿಯಲ್ಲೇ ತಿರುಗಿದರು.

ಕಾಜಾ ಅಕ್ಕ ಮಾತ್ರ ಕನ್ನಡಿ ಮುಟ್ಟಲಿಲ್ಲ. ಮಾದರಿಗಳಿಗೆ ಮೂರನೆಯ ಕಾಜಾ ಹೊಡೆಯುತ್ತ ಕೂತಿದ್ದಳು. ಒಂದನ್ನು ಮಿಷನ್ನಿನಿಂದ ಬಿಡಿಸಿಕೊಳ್ಳುವಾಗ ಅವಳ ಹೆಬ್ಬೆರಳು ತಾಗಿ, ಹತ್ತಿ ತುಂಬಿದ ಗರ್ಭಕೋಶ ಕೊಳವೆಯೊಳಗೆ ಜಾರಿ, ನಡುವಿನ ಕಾಜಾದಿಂದ ಇಣುಕಿತು. ಅವಳು ಅದನ್ನು ಮಡಿಲಿಗೆ ಇಳಿಸಿಕೊಂಡಳು.

“ನರ್ಸಮ್ಮ,” ಅಂದಳು. ಅದು ಅವಳ ದನಿಯೇ ಅಲ್ಲ. “ಇದು... ಹೀಗೆ ಬರುತ್ತಾ?”

“ಬರುತ್ತೆ. ಹಿಡ್ಕೊಂಡಿರೋ ಹೊಲಿಗೆ ಸಡಿಲ ಆದ್ರೆ ಜಾರುತ್ತೆ. ತುಂಬಾ ಹೆತ್ತೋರಿಗೆ, ಭಾರ ಎತ್ತೋರಿಗೆ ಆಗುತ್ತೆ.”

“ಸಾಯ್ತಾರಾ?”

“ಇದಕ್ಕೆ ಯಾಕಮ್ಮ ಸಾಯ್ತಾರೆ? ಔಷಧಿ ಇಲ್ವಾ, ಉಪಾಯ ಇಲ್ವಾ?”

ಕಾಜಾ ಅಕ್ಕ ಮಡಿಲಲ್ಲಿದ್ದ ಆ ಬಟ್ಟೆಯ ಮುದ್ದೆಯನ್ನೇ ನೋಡಿದಳು. “ನಾಲ್ಕು ಮಕ್ಕಳನ್ನ ಹೊತ್ತಿದ್ದು ಇದು. ಇದನ್ನ ಮೂರು ವರ್ಷದಿಂದ ಗಡ್ಡೆ ಅಂತ ಶಾಪ ಹಾಕ್ತಾ ಇದ್ನಾ ನಾನು?”

ನರ್ಸಮ್ಮನಿಗೆ ಆಗ ಅರ್ಥವಾಯಿತು. “ನೋಡದೆ ಹೇಳೋಕಾಗಲ್ಲ, ಏಳು,” ಎಂದು ಅಲ್ಲಿಂದಲೇ ಕರೆದುಕೊಂಡು ಹೊರಟರು. ನಾನೂ ಚಪ್ಪಲಿ ಮೆಟ್ಟಿದೆ.

ಆರೋಗ್ಯ ಕೇಂದ್ರದ ಕಿಟಕಿಯಲ್ಲಿ ಗುಮಾಸ್ತ ಕೇಳಿದ, “ಏನು ತೊಂದ್ರೆ?” ಹಿಂದೆ ಸಾಲಿನಲ್ಲಿ ಏಳೆಂಟು ಗಂಡಸರು. ನಾನು ಸೊಂಟನೋವು ಅನ್ನಲು ಬಾಯಿ ತೆರೆದಿದ್ದೆ.

“ಗರ್ಭಕೋಶ ಜಾರಿದೆ,” ಅಂದಳು ಕಾಜಾ ಅಕ್ಕ, ಕಾರ್ಖಾನೆಯ ಕೊನೆಯ ಮಿಷನ್ನಿಗೂ ಕೇಳುವಂಥ ದನಿಯಲ್ಲಿ. ಗಂಡಸರೆಲ್ಲ ಒಟ್ಟಿಗೇ ಫ್ಯಾನು ನೋಡತೊಡಗಿದರು. ಗುಮಾಸ್ತನ ಪೆನ್ನು ನಿಂತಿತು.

“ಬರ್ಕೊಳ್ಳಿ. ‘ಭ’ಕ್ಕೆ ಅರ್ಕಾವೊತ್ತು.”

ಡಾಕ್ಟರಮ್ಮ ಪರದೆ ಎಳೆದು ಬಹಳ ಹೊತ್ತು ನೋಡಿದರು. ಗಡ್ಡೆ ಇಲ್ಲ. ಜಾರಿದ್ದನ್ನು ಮೇಲೆ ಕೂರಿಸಿ, ಅದು ಅಲ್ಲೇ ನಿಲ್ಲಲಿ ಎಂದು ಒಳಗೆ ಒಂದು ರಬ್ಬರಿನ ರಿಂಗು ಹಾಕಿದರು. ಹೊರಗೆ ಬಂದವಳು ಬಾಗಿಲಲ್ಲಿ ನಿಂತಳು. ಅಳುತ್ತಾಳೆ ಅಂದುಕೊಂಡು ನಾನು ಕರವಸ್ತ್ರ ತೆಗೆದೆ.

“ಮದುವೆ ಆದಾಗಿಂದ ನಮ್ಮೋರು ಉಂಗುರ ಕೊಡಿಸ್ತೀನಿ, ಕೊಡಿಸ್ತೀನಿ ಅಂತಾನೇ ಇದ್ರು,” ಅಂದಳು. “ಮೂವತ್ತು ವರ್ಷಕ್ಕೆ ಕೊನೆಗೂ ಒಂದು ಸಿಕ್ತು ಕಣೇ. ಯಾರಿಗೆ ತೋರಿಸ್ಲಿ, ಹೇಳು?”