ಮೂಲಂಗಿಯಲ್ಲ ಎಂದ ಭೂತಗನ್ನಡಿ

“ಅಕ್ಕಾರ, ಅದು ಮೂಲಂಗಿರೀ! ನಮ್ಮ ಅಡಿಗಿಯವ ಕೊಳತದ್ದು ಇಲ್ಲೇ ಒಗೀತಾನ. ಹೂ ಬಿಟ್ಟೈತಿ, ಅಷ್ಟ. ಹನ್ನೊಂದಕ್ಕ ಬುಲ್ಡೋಜರ್ ಬರತೈತಿ, ಏಳ್ರಿ ಮ್ಯಾಲ.”

ಹೀಗೆಂದವನು ಸಿದ್ರಾಮ. ವಿಜಯಪುರದ ಕಡೆಯವನು, ರಾಜಸ್ಥಾನದ ಈ ಮರುಭೂಮಿಯಲ್ಲಿ ಸೋಲಾರ್ ಕಾಮಗಾರಿಯ ಸೂಪರ್‌ವೈಸರ್. ಮರಳಿನ ಮೇಲೆ ಬೋರಲು ಮಲಗಿದ್ದವರು ಗದಗಿನ ನೀಲಗಂಗಾ ಮೇಡಂ. ನೆಲ ಸಮ ಮಾಡುವ ಮುನ್ನ ಅಲ್ಲಿನ ಗಿಡಗಳನ್ನು ಗುರುತಿಸಲು ಬಂದವರು. ಅವರ ಕಣ್ಣಿಗೂ ನೇರಳೆ ಹೂವಿಗೂ ನಡುವೆ ಇದ್ದದ್ದು ನಾನು. ನಾನು ಒಂದು ಭೂತಗನ್ನಡಿ.

ಹುಟ್ಟಿದ್ದು ಅಂಬಾಲದ ಸಣ್ಣ ಕಾರ್ಖಾನೆಯಲ್ಲಿ. ಗಾಜನ್ನು ಉಜ್ಜಿ ಉಜ್ಜಿ ನನಗೊಂದು ಹೊಟ್ಟೆ ಬರಿಸಿ, ಕಪ್ಪು ಗೂಡಿನಲ್ಲಿ ಕೂರಿಸಿದರು. ಆಮೇಲೆ ಇಪ್ಪತ್ತಾರು ವರ್ಷ ಗದಗಿನ ಗಡಿಯಾರ ರಿಪೇರಿ ಖಾಜಾಸಾಬರ ಬಲಗಣ್ಣಿನಲ್ಲಿ ಬಾಳಿದೆ. ಲಂಗದ ಹುಡುಗಿ ನೀಲಗಂಗಾ ಬೇಲಿಯ ಹೂ ಹಿಡಿದು ಅಂಗಡಿಗೆ ಬರುತ್ತಿದ್ದಳು. “ಚಾಚಾ, ಒಂದ ಸಲ ಕೊಡ್ರಿ.” ಅಂಗಡಿ ಮುಚ್ಚಿದ ದಿನ ಅವರು ನನ್ನನ್ನು ಅವಳ ಅಂಗೈಯಲ್ಲಿಟ್ಟರು. “ಮುಳ್ಳು ಹೆಂಗ ತಿರಗತೈತಿ ಅಂತ ಎಲ್ಲಾರೂ ನೋಡ್ತಾರ ಬೇಟಿ. ಎಲ್ಲಿ ಕೂತೈತಿ, ಅದನ್ನ ನೋಡು.”

ಈಗ ಆ ಹುಡುಗಿಯ ತಲೆ ನರೆತಿದೆ. ಕಾಮಗಾರಿಯ ನಿಯಮದಂತೆ, ಈ ನೆಲದ್ದೇ ಗಿಡವಾದರೆ ಅದರ ಸುತ್ತ ಹತ್ತು ಮಾರು ಬಿಡಬೇಕು; ಎಲ್ಲಿಂದಲೋ ಬಂದದ್ದಾದರೆ ಕೀಳಬಹುದು. ಸಿದ್ರಾಮ ಹಾಳೆಯಲ್ಲಿ ಆಗಲೇ ‘ಮೂಲಂಗಿ’ ಎಂದು ಬರೆದು ಸಹಿ ಹಾಕಿದ್ದ. ಆ ನೇರಳೆ ಹೂವಿನವು ಅಲ್ಲಿ ಉಳಿದಿದ್ದವು ಇಪ್ಪತ್ತಮೂರು ಗಿಡ.

ನಾಲ್ಕು ಎಸಳು, ಆರು ಕೇಸರ: ನಾಲ್ಕು ಉದ್ದ, ಎರಡು ಗಿಡ್ಡ. “ಸಾಸಿವೆ ಕುಟುಂಬ. ಮೂಲಂಗೀನೂ ಅದರಾಗ ಬರತೈತಿ,” ಎಂದರು ಮೇಡಂ.

“ನಾ ಹೇಳಲಿಲ್ಲೇನ್ರೀ!”

“ಒಂದ ಮನಿತನ ಅಂದ್ರ ಅಣ್ಣ ತಮ್ಮ ಇಬ್ಬರೂ ಒಬ್ಬನ ಆಗ್ತಾರೇನೋ? ಕಾಯಿ ನೋಡು, ಚಪ್ಪಟಿ ಐತಿ. ಮೂಲಂಗೀದು ಉಬ್ಬಿರತೈತಿ.”

“ಎಳೀದ್ರಿ. ನಾಳಿ ಉಬ್ಬತೈತಿ.”

ದಿಬ್ಬದ ಆಚೆ ಇಂಜಿನ್ ಗುಡುಗಿತು. ಮರಳು ನಡುಗಿತು, ಹೂವೂ ನಡುಗಿತು; ನನಗೆ ಯಾವುದೂ ನಿಚ್ಚಳವಾಗಿ ಕಾಣಲಿಲ್ಲ. ಬಿಸಿಲು ನನ್ನ ಮೂಲಕ ಹಾದು ಎಲೆಯನ್ನೇ ಸುಟ್ಟೀತು ಎಂದು ಮೇಡಂ ಸೆರಗು ಅಡ್ಡ ಹಿಡಿದರು. ಅವರ ಉಸಿರಿಗೆ ನಾನು ಮಬ್ಬಾದೆ. ಒರೆಸಿದರು. ಮತ್ತೆ ಬಗ್ಗಿದರು, ಈ ಸಲ ಹೂವಿಗಲ್ಲ, ಬೂದುಬಣ್ಣದ ಎಲೆಗೆ.

ಎಲೆಯ ತುಂಬ ಅಂಟಿಕೊಂಡು ಮಲಗಿದ ಕೂದಲು. ಒಂದಕ್ಕೂ ತುದಿಯಲ್ಲಿ ಬುಡವಿಲ್ಲ! ನಡುವಿಗೆ ಮೊಳೆ ಹೊಡೆದಂತೆ, ಅತ್ತ ಒಂದು ಕೈ, ಇತ್ತ ಒಂದು ಕೈ. ಇಪ್ಪತ್ತಾರು ವರ್ಷ ಖಾಜಾಸಾಬರ ಅಂಗಡಿಯಲ್ಲಿ ನಾನು ನೋಡಿದ್ದು ಇದನ್ನೇ ಅಲ್ಲವೇ?

“ಚಾಚಾ...” ಎಂದರು ಮೇಡಂ ಮೆಲ್ಲಗೆ. ಆಮೇಲೆ ಗಟ್ಟಿಯಾಗಿ, “ಇದು ಫಾರ್ಸೇಷಿಯಾ, ಸಿದ್ರಾಮ. ಇಲ್ಲೀದ ಗಿಡ. ಮೂಲಂಗಿಗೆ ಇಂಥಾ ಕೂದಲಿಲ್ಲ.”

ಬುಲ್ಡೋಜರ್ ದಿಬ್ಬ ಹತ್ತಿತು. ಸಿದ್ರಾಮ ಹಾಳೆ ಮುಂದೆ ಹಿಡಿದ. “ಸಹಿ ಮಾಡೇನ್ರಿ ಅಕ್ಕಾರ. ಮ್ಯಾಲಿನವರಿಗೆ ಏನಂತ ಹೇಳ್ಲಿ? ಕೂದಲಾ ನೋಡಿ ತಿದ್ದಿದೆ ಅನ್ನಲೇನು?”

“ನನ್ನ ಮಾತು ನಂಬಬ್ಯಾಡ. ಮಲಕೋ. ನೀನ ನೋಡು.”

ಹೊಸ ಕಣ್ಣೊಂದು ನನ್ನ ಮೇಲೆ ಬಂತು, ಬೆವರಿನದು, ಅನುಮಾನದ್ದು. ಮೊದಲು ಬರೀ ಮಿಟುಕಿತು. ಆಮೇಲೆ ಮಿಟುಕುವುದನ್ನೇ ಮರೆಯಿತು.

“ಯಪ್ಪಾ! ವಾಚಿನ ಮುಳ್ಳು ಇದ್ದಂಗ ಐತಲ್ರೀ!”

ನನ್ನನ್ನು ಅಲ್ಲೇ ಬಿಟ್ಟು ಎದ್ದ, ಹೆಲ್ಮೆಟ್ ಬೀಸುತ್ತ “ರೋಕೋ! ರೋಕೋ!” ಎಂದು ಓಡಿದ. ಮರಳು ನನ್ನ ಮುಖವನ್ನು ಗೀರಿತು. ಯಂತ್ರದ ಅಲಗು ಮೊದಲ ಗಿಡಕ್ಕೆ ಮೊಳ ದೂರದಲ್ಲಿ ನಿಂತಿತು.

ಏದುಸಿರು ಬಿಡುತ್ತ ಬಂದವನು ಹಾಳೆ ತೆಗೆದು ‘ಮೂಲಂಗಿ’ ಮೇಲೆ ಗೆರೆ ಎಳೆದ. “ಏನಂದ್ರಿ ಹೆಸರಾ? ಅಕ್ಷರಾ ಬಿಡಿಸಿ ಹೇಳ್ರಿ.”

“ಮೊದಲ ನೀರು ಕುಡಿಯೋ ತಮ್ಮಾ. ಗಿಡ ಎಲ್ಲೂ ಓಡಿಹೋಗೂದಿಲ್ಲ.”

ಇಂಜಿನ್ ಆರಿತ್ತು. ಆ ಮೌನದಲ್ಲಿ ಗಿಡದ ಕೆಳಕೊಂಬೆಯ ಒಣಗಿದ ಕಾಯೊಂದು ಟಪ್ಪೆಂದು ಬಿರಿದು, ತೆಳ್ಳನೆಯ ರೆಕ್ಕೆಯ ಬೀಜವೊಂದು ನನ್ನ ಗೀರಿದ ಮುಖದ ಮೇಲೆಯೇ ಬಿತ್ತು. ಊರಿನವರ ಕಣ್ಣಿಗೆಲ್ಲ ದೊಡ್ಡದು ಮಾಡಿ ತೋರಿಸಿದ ನನಗೆ, ನನ್ನ ಮೇಲೆ ಕೂತದ್ದು ನಿಚ್ಚಳವಾಗಿ ಕಾಣಲಿಲ್ಲ. ಸಿದ್ರಾಮ ಅದನ್ನು ಊದಲಿಲ್ಲ. ಬೆರಳ ತುದಿಗೆ ಅಂಟಿಸಿಕೊಂಡು ಗಿಡದ ಬುಡಕ್ಕೆ ಬಿಟ್ಟ.