ನಿಸರ್ಗ ತೋರಿಸಿದ ಬಾಗಿಲು

"ಎಲ್ಲವಳೆ ನಮ್ ಉಡ್ಗಿ?" ಎಂದು ಒಂಬತ್ತನೇ ತರಗತಿಯ ಬಾಗಿಲಲ್ಲಿ ಗುಡುಗಿದ ಚನ್ನಪ್ಪ, ಮುಂದಿನ ಮಾತಿಗೆ ಉಸಿರು ಸಾಲದೆ ಚೌಕಟ್ಟು ಹಿಡಿದು ನಿಂತ. ಮನೆಯಿಂದ ಶಾಲೆಗೆ ಕೂಗಳತೆ ದೂರ. ಅಷ್ಟಕ್ಕೇ ಎದೆ ತಿದಿಯಂತೆ ಏಳುತ್ತಿತ್ತು.

ವಿಜ್ಞಾನದ ಮೇಷ್ಟ್ರು ಸಂಪತ್ಕುಮಾರ ಫೋನ್ ಮಾಡಿದ್ದರು. ಶಾಲೆಗೆ ಹೊಸದಾಗಿ ಬಂದಿರುವ ವಿಆರ್ ಕನ್ನಡಕವನ್ನು ನಿಮ್ಮ ಮೊಮ್ಮಗಳು ಬೇರೆ ಮಕ್ಕಳಿಗೆ ಬಿಟ್ಟುಕೊಡುತ್ತಿಲ್ಲ, ಕೇಳಿದರೆ ಅಳುತ್ತಾಳೆ, ಯಾರಾದರೂ ಬನ್ನಿ ಎಂದಿದ್ದರು. ಹುಡುಗಿ ಮನೆ ಮರ್ಯಾದೆ ಕಳೆದಳು ಎಂದಷ್ಟೇ ಚನ್ನಪ್ಪನಿಗೆ ಅರ್ಥವಾಗಿತ್ತು.

ಮೊಮ್ಮಗಳು ನಿಸರ್ಗ ಕಣ್ಣಿಗೆ ಕರಿ ಡಬ್ಬದಂಥದ್ದನ್ನು ಕಟ್ಟಿಕೊಂಡು ತರಗತಿಯ ನಡುವೆ ನಿಂತಿದ್ದಳು.

"ಯಾಕವ್ವಾ, ನಿಮ್ಮಪ್ಪುಂದಾ ಅದು? ಬಿಚ್ಚಿ ಕೊಡು ಆ ಉಡುಗ್ರಿಗೆ!"

"ಒಸಿ ಇರು ತಾತ."

"ಇರ್ಬೇಕಂತೆ! ಏನ್ ಸಿನಿಮಾ ಓಡ್ತಾ ಅದೆ ಅದ್ರಾಗೆ?"

"ಸಿನಿಮಾ ಅಲ್ಲ ಯಜಮಾನ್ರೇ," ಎಂದರು ಮೇಷ್ಟ್ರು. "ಹೃದಯದ ಪಾಠ. ಒಳಗೇ ಹೋಗಿ ನಿಂತ ಹಾಗೆ ಕಾಣುತ್ತೆ. ಮಿಕ್ಕೋರೆಲ್ಲ ಒಂದು ಸುತ್ತು ಹಾಕಿ ಬಂದುಬಿಟ್ರು. ಇವಳು ಒಂದು ವಾಲ್ವ್ ಮುಂದೆ ನಿಂತು ಜಪ್ಪಯ್ಯ ಅಂದ್ರೂ ಈಚೆಗೆ ಬರ್ತಿಲ್ಲ."

ಚನ್ನಪ್ಪ ಆ ಮಾತನ್ನು ಮೊದಲೇ ಕೇಳಿದ್ದ. ಹಾಸನದ ಡಾಕ್ಟರು ಹೇಳಿದ್ದೂ ಅದನ್ನೇ. ನಿಮ್ಮ ಎದೆಯ ವಾಲ್ವ್ ಕೆಟ್ಟಿದೆ, ಆಪರೇಷನ್ ಮಾಡಿ ಬೇರೆ ಹಾಕಬೇಕು, ತಡ ಮಾಡಬೇಡಿ. "ಎದೆ ಸೀಳಿ ಒಲಿಯಾಕೆ ನಾನೇನು ಗೋಣಿಚೀಲವಾ?" ಎಂದು ರೇಗಿ ಎದ್ದು ಬಂದಿದ್ದ. ಮನೆಯಲ್ಲಿ ಯಾರೂ ಆ ಮಾತೆತ್ತಕೂಡದು ಎಂದು ಕಟ್ಟಪ್ಪಣೆ ಮಾಡಿದ್ದ. ಹೆಂಡತಿ ದೊಡ್ಡತಾಯಮ್ಮ ಮಾತೆತ್ತಿದ ದಿನ ಮುದ್ದೆಯ ತಟ್ಟೆ ದೂಡಿ ಎದ್ದಿದ್ದ. ಹುಡುಗಿಗೆ ಇದೆಲ್ಲ ಎಲ್ಲಿ ತಿಳಿಯುತ್ತದೆ ಅಂದುಕೊಂಡಿದ್ದ.

ನಿಸರ್ಗ ಡಬ್ಬ ಬಿಚ್ಚಿದಳು. ಕಣ್ಣುಗಳು ಊದಿಕೊಂಡಿದ್ದವು.

"ನೀನೂ ನೋಡು ತಾತ."

"ನಂಗ್ಯಾಕವ್ವ ಅದೆಲ್ಲ."

"ನೋಡು. ಆಮ್ಯಾಕೆ ಬೈಯಿ."

ಹುಡುಗರೆಲ್ಲ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಇವುಗಳ ಮುಂದೆ ಹೆದರಿದ ಅನ್ನಿಸಿಕೊಳ್ಳುವುದುಂಟೆ? ಚನ್ನಪ್ಪ ತಲೆ ಮುಂದೊಡ್ಡಿ, "ಕಟ್ಟು, ಅದೇನದೆಯೋ ನೋಡೇಬುಡನ," ಅಂದ.

ಮೊದಲು ಕತ್ತಲೆ. ಆಮೇಲೆ ಸುತ್ತಲೂ ಕೆಂಪು ಗೋಡೆ. ಗೋಡೆಗಳು ಹಿಗ್ಗಿ ಕುಗ್ಗುತ್ತಿದ್ದವು. ನೋಡನೋಡುತ್ತಿದ್ದಂತೆ ನಾಲೆಗೆ ನೀರು ಬಿಟ್ಟ ಹಾಗೆ ರಕ್ತ ಕಾಲಬುಡಕ್ಕೆ ನುಗ್ಗಿ ಬಂತು. ಚನ್ನಪ್ಪ ಸರಕ್ಕನೆ ಪಂಚೆಯನ್ನು ಮೊಣಕಾಲ ಮೇಲಕ್ಕೆತ್ತಿ ಹಿಡಿದ. ತರಗತಿ ಗೊಳ್ಳೆಂದಿತು.

"ನೆನೆಯಲ್ಲ ತಾತ, ಪಂಚೆ ಬುಡು!" ಎಂದು ಸಿದ್ದೇಶನೆಂಬ ಹುಡುಗ ಕೂಗಿದ.

"ಮುಚ್ಲಾ ಬಾಯ! ನೀನ್ ಬಂದು ನಿಂತ್ಕಂಡು ನೋಡು ಇಲ್ಲಿ, ಗೊತ್ತಾಯ್ತದೆ," ಎಂದ ಚನ್ನಪ್ಪ, ಪಂಚೆ ಬಿಡದೆ.

ಮೊಣಕೈಗೆ ಮೊಮ್ಮಗಳ ಕೈ ತಾಗಿತು. "ಮುಂದಕ್ಕೆ ಬಾ. ಅಲ್ಲೊಂದು ಬಾಗ್ಲದೆ."

ಬಾಗಿಲು ತಗ್ಗಾಗಿ ಕಂಡಿತು. ಚನ್ನಪ್ಪ ತಲೆ ಬಗ್ಗಿಸಿದ. ಎರಡು ತೆಳ್ಳನೆಯ ರೆಕ್ಕೆ ತೆರೆದುಕೊಂಡವು. ರಕ್ತ ಹಾಯ್ದು ಹೋಯಿತು. ರೆಕ್ಕೆಗಳು ಕೂಡಿಕೊಂಡವು. ಒಂದು ಹನಿಯೂ ಹಿಂದಕ್ಕೆ ಬರಲಿಲ್ಲ.

"ಇದು ಚೆಂದಾಗಿರೋರ್ದು," ಕಿವಿಯ ಹತ್ತಿರ ನಿಸರ್ಗಳ ದನಿ ಸಣ್ಣಗೆ ಬಂತು. "ನಿಂದು ಇಂಗೆ ಮುಚ್ಚಲ್ಲ, ಅಜ್ಜಿ ಮಾತೆತ್ತಿದ್ ದಿನ ಕೇಳುಸ್ಕಂಡೆ. ಓಗಿದ್ದು ತಿರ್ಗಾ ಬತ್ತದೆ. ಅದ್ಕೇ ನೀನು ಮಲಗ್ದೆ ಗ್ವಾಡೆಗೆ ಒರಗ್ಕಂಡು ಕುಂತಿರ್ತೀಯ. ನಾನೂ ಎದ್ದೇ ಇರ್ತೀನಿ ತಾತ, ನಿನ್ ಉಸ್ರು ಕೇಳ್ಕಂಡು."

ಚನ್ನಪ್ಪನ ಕಣ್ಣ ಮುಂದೆ ಡಬ್ಬದೊಳಗಿನ ಕೆಂಪೆಲ್ಲ ಕಲಸಿಹೋಯಿತು.

"ಸಾ, ಇದ್ಯಾಕೋ ಮಸ್ಕಾಗ್ಬುಟ್ತು."

"ಕೊಡಿ, ಒರೆಸಿಕೊಡ್ತೀನಿ."

"ಬ್ಯಾಡ ಬ್ಯಾಡ! ಇರ್ಲಿ." ಇನ್ನೊಮ್ಮೆ ಆ ಬಾಗಿಲತ್ತ ತಲೆ ಬಗ್ಗಿಸಿದ. "ಬ್ಯಾರೇದು ಆಕುದ್ರೆ ಮುಚ್ತದಾ?"

"ಮುಚ್ತದಂತೆ, ಸಾರ್ ಏಳುದ್ರು," ಎಂದಳು ನಿಸರ್ಗ.

"ದಿಟವಾ ಸಾ?"

"ನಾನು ಡಾಕ್ಟರಲ್ಲ ಯಜಮಾನ್ರೇ. ಸರಿಯಾಗಿ ಮುಚ್ಚೋ ಹಾಗೇ ಹಾಕ್ತಾರೆ ಅಂತ ಓದಿದೀನಿ. ಅಪಾಯವೇ ಇಲ್ಲ ಅಂತ ಮಾತ್ರ ಹೇಳಲಾರೆ."

ಆ ಉತ್ತರ ಚನ್ನಪ್ಪನಿಗೆ ಹಿಡಿಸಿತು. ಪೂಸಿ ಹೊಡೆದಿದ್ದರೆ ಅಲ್ಲೇ ಜಗಳ ತೆಗೆಯುತ್ತಿದ್ದ.

ಡಬ್ಬ ಬಿಚ್ಚಿ ಕೊಟ್ಟು, ಯಾರ ಮುಖವನ್ನೂ ನೋಡದೆ ಹೊರಗೆ ಹೋದ. ಜಗಲಿಯಲ್ಲಿ ನಿಂತು ಮಗನಿಗೆ ಫೋನ್ ಹಚ್ಚಿದ.

"ಲೇ ಅನಿಲ, ನಾಳಿಕ್ಕೆ ಆಸನದ ಆಸ್ಪತ್ರೆಗೆ ಓಗ್ಬೇಕು... ಯಾರೂ ಏನೂ ಏಳ್ಲಿಲ್ಲ ಕಣ್ಲಾ, ನಾನೇ ಕಣ್ಣಾರೆ ನೋಡ್ದೆ... ಎಲ್ಲಿ ಅಂದ್ರೆ? ಇಸ್ಕೂಲಲ್ಲಿ! ನಿಮ್ಮವ್ವುಂಗೆ ನೀನೇ ಏಳು. ನಾನೇಳುದ್ರೆ ಅತ್ಬುಡ್ತಾಳೆ."

ಫೋನ್ ಜೇಬಿಗಿಳಿಸಿ, ಶಾಲೆ ಬಿಡುವ ತನಕ ಕಾಯೋಣವೆಂದು ಮೆಟ್ಟಿಲ ಮೇಲೆ ಕುಳಿತು ಕಿಟಕಿಯತ್ತ ಕತ್ತು ತಿರುಗಿಸಿದ. ಒಳಗೆ ಸಿದ್ದೇಶನ ಸರದಿ ಬಂದಿತ್ತು. ಅವನು ಎರಡೂ ಕೈ ಮುಂದಕ್ಕೆ ಚಾಚಿ, ಒಂದೊಂದೇ ಹೆಜ್ಜೆ ತಡವಿ ತಡವಿ ಇಡುತ್ತಿದ್ದ. ನಿಸರ್ಗ ಅವನ ಮುಂದೆ ಮುಂದೆ ಹಿಮ್ಮೆಟ್ಟಿ ನಡೆಯುತ್ತ, ದಾರಿಗೆ ಅಡ್ಡವಾಗಿದ್ದ ಬೆಂಚನ್ನು ಸದ್ದಾಗದ ಹಾಗೆ ಪಕ್ಕಕ್ಕೆ ಎಳೆದಳು.