ದೇಸೂರ ದಾಟಿದ ಕರಡಿಗೆ

ಹದಿನಾಲ್ಕನೇ ಮಂಚದ ಬಾಳವ್ವ ಎರಡು ದಿನದಿಂದ ಅನ್ನ ಮುಟ್ಟಿರಲಿಲ್ಲ. ಸಂಜೆ ಐದರೊಳಗೆ ತಾನಾಗಿ ಉಣ್ಣದಿದ್ದರೆ ಮೂಗಿಗೆ ನಳಿಗೆ ಹಾಕಲೇಬೇಕೆಂದು ಡಾಕ್ಟರು ಹೇಳಿ ಹೋಗಿದ್ದರು.

ರೋಗಿಗಳ ಪಕ್ಕ ಕುಳಿತು ಧೈರ್ಯ ಹೇಳುವುದು, ಅವರವರ ಪೂಜೆ ಪ್ರಾರ್ಥನೆಗಳಿಗೆ ಅನುಕೂಲ ಮಾಡಿಕೊಡುವುದು ಬೆಳಗಾವಿಯ ಆ ಆಸ್ಪತ್ರೆಯಲ್ಲಿ ಕಾಂತಾಳ ಕೆಲಸ. ಕೊರೋನಾ ಬಂದ ಮೇಲೆ ಅವಳಿಗೆ ವಾರ್ಡಿನ ಬಾಗಿಲು ಮುಚ್ಚಿತು. ಈಗ ಕೆಳಗಿನ ಕೋಣೆಯಲ್ಲಿ ಭರ್ತಿಯ ಅರ್ಜಿಗಳನ್ನೂ ತುಂಬುತ್ತಾಳೆ, ರೋಗಿಗಳ ಜೊತೆ ಟ್ಯಾಬಿನಲ್ಲಿ ಮಾತಾಡುತ್ತಾಳೆ. ಮೇಲೆ ನರ್ಸ್ ಮುಗ್ಧಾ ಇನ್ನೊಂದು ಟ್ಯಾಬನ್ನು ರೋಗಿಯ ಮುಖದೆದುರು ಹಿಡಿಯುತ್ತಾಳೆ.

ಕಾಂತಾಳ ಮನೆಯಲ್ಲಿ ಯಾವ ಪೂಜೆಗಾದರೂ ಭಟ್ಟರು ಬೇಕು. ಅದೇ ರೂಢಿಯಲ್ಲಿ ಆ ಬೆಳಿಗ್ಗೆ ಅವಳು ಪರದೆಯ ಮೇಲೆ ಒಬ್ಬ ಸ್ವಾಮಿಗಳನ್ನು ಕೂಡಿಸಿ, ಪೂಜೆ ಮಾಡಿಸಿ, ಆರತಿ ತೋರಿಸಿದಳು.

"ಅವರ ಪೂಜಿ ಅವರು ಮಾಡ್ಕೊಂಡ್ರು. ನಂದು ಯಾರು ಮಾಡ್ತಾರ್ವಾ?" ಎಂದಳು ಬಾಳವ್ವ. "ನನ್ನ ದೇವರು ನನ್ನ ಅಂಗೈಯಾಗ ಇರ್ತಾನ. ಖಾಲಿ ಅಂಗೈ ನೋಡ್ಕೋತ ಹೆಂಗ ಉಣ್ಲಿ?"

"ನಿಮ್ಮ ಲಿಂಗ ಎಲ್ಲೈತ್ರಿ ಅಜ್ಜಿ?"

"ನನ್ನೇನ ಕೇಳ್ತಿ? ಕೊರಳಾಗಿಂದ ತಗದವರನ್ನ ಕೇಳು."

ಕಾಂತಾ ಕಡತ ತೆರೆದಳು. ಭರ್ತಿಯ ದಿನ ಬಾಳವ್ವನಿಗೆ ಮೈಮೇಲೆ ಎಚ್ಚರವಿರಲಿಲ್ಲ. ಆಭರಣಗಳ ಸಾಲಿನಲ್ಲಿ ಕಾಂತಾಳದೇ ದುಂಡಕ್ಷರ: 'ಬೆಳ್ಳಿ ಡಬ್ಬಿ, ದಾರಸಹಿತ, ಒಂದು. ಮನೆಯವರಿಗೆ ಕೊಡಲಾಗಿದೆ.' ಗಾಜಿನಾಚೆಯಿಂದ ಯಾರೋ ಕೂಗಿ ಹೇಳಿದ್ದನ್ನು ತಲೆ ಎತ್ತದೆ ಬರೆದಿದ್ದಳು. ಅದು ಲಿಂಗವಿಡುವ ಕರಡಿಗೆಯೆಂದು ಬೆಳಗಾವಿಯಲ್ಲಿ ಹುಟ್ಟಿ ಬೆಳೆದವಳಿಗೆ ಹೊಳೆಯಬೇಕಿತ್ತು. ಅವಳ ಕಿವಿ ಬಿಸಿಯಾಯಿತು.

ಖಾನಾಪುರದಲ್ಲಿ ಸೊಸೆ ಸಪ್ನಾ ಫೋನೆತ್ತಿದಳು. "ಒಯ್ಯಿರಿ ಅಂದ್ರಿ, ಒಯ್ದೇವಿ. ದೇವರ ಜಗಲಿ ಮ್ಯಾಲೆ ಇಟ್ಟೀನ್ರಿ."

"ಈಗಿಂದೀಗ ತರಾಕ ಆಗ್ತೈತೇನ್ರಿ?"

"ಸ್ಕೂಟಿ ಚಾಲೂ ಮಾಡೇ ಮಾತಾಡಾಕ್ಹತ್ತೀನಿ."

ಕಾಂತಾ ಗಡಿಯಾರ ನೋಡಿದಳು: ಎರಡೂಕಾಲು. ಮತ್ತೆ ನೋಡಿದಾಗ ಎರಡೂಕಾಲು ದಾಟಿ ಒಂದು ನಿಮಿಷ. ಮೂರಕ್ಕೆ ಫೋನು ಬಂತು. ದೇಸೂರಿನ ಹತ್ತಿರ ಲಾಕ್‌ಡೌನ್ ತಪಾಸಣೆಯಲ್ಲಿ ಸಪ್ನಾಳನ್ನು ನಿಲ್ಲಿಸಿದ್ದರು. ಅವಳು ಫೋನನ್ನು ಪೇದೆಯ ಕೈಗೇ ಕೊಟ್ಟಳು.

"ಡಬ್ಬ್ಯಾಗ ಏನೈತ್ರಿ ಮೇಡಮ್?"

ಔಷಧ ಎಂದುಬಿಡುವುದು ಸುಲಭವಿತ್ತು. ಆದರೆ ಒಂದು ತಪ್ಪು ಶಬ್ದದ ಫಲವನ್ನು ಅವಳು ಈಗಷ್ಟೇ ಕಂಡಿದ್ದಳು. "ಅಜ್ಜಿ ಲಿಂಗ ಐತ್ರಿ. ಅದು ಕೈಗೆ ಬರೂತನಕಾ ಅವರು ಉಣ್ಣಂಗಿಲ್ಲ."

"ನಮ್ಮವ್ವನೂ ಹಂಗ ರೀ, ಪೂಜಿ ಆಗೂತನಕಾ ಚಾ ಸೈತ ಕುಡ್ಯಂಗಿಲ್ಲ. ಏ, ಆ ಸ್ಕೂಟಿ ಬಿಡ್ರೋ."

ಕಾಂತಾ ಎದ್ದು ನಿಂತಳು. ಮತ್ತೆ ಕೂರಲು ಅವಳಿಂದಾಗಲಿಲ್ಲ.

ಮೂರೂವರೆಗೆ ಕರಡಿಗೆ ವಾರ್ಡಿನ ಬಾಗಿಲು ಮುಟ್ಟಿತು. ಮುಗ್ಧಾ ಸ್ಪಿರಿಟ್ ಬಾಟಲಿ ಎತ್ತಿದ್ದು ಟ್ಯಾಬಿನಲ್ಲಿ ಕಂಡಿತು.

"ತಡಿ, ತಡಿ ಮುಗ್ಧಾ. ಒಳಗಿಂದಕ್ಕ ಹೊಡೀಬ್ಯಾಡ. ಲಿಂಗದ ಮ್ಯಾಲಿನ ಕರೀ ಲೇಪ ಕರಗೀತು."

"ಮತ್ತ ಹೆಂಗ ತೊಳೀಲಿ ಅಕ್ಕಾ?"

ಬಾಳವ್ವ ಮಂಚದಿಂದಲೇ ಕೇಳಿಸಿಕೊಂಡಳು. "ಡಬ್ಬಿ ನೀ ತೊಳಿ. ಒಳಗಿನಾವನ್ನ ನಾನ ತೊಳೀತೀನಿ. ಮೂವತ್ತು ವರ್ಷ ತೊಳದೀನಿ, ನನಗ ಹೇಳಿಕೊಡಬ್ಯಾಡ್ರಿ. ಬೋಗೋಣ್ಯಾಗ ನೀರು ತಾ."

ಆಮೇಲೆ ಪರದೆಯಲ್ಲಿ ಮೊದಲು ಕಂಡದ್ದು ಒಂದು ಅಂಗೈ. ಸಲೈನಿನ ಪಟ್ಟಿ ಅಂಟಿಸಿದ ಎಡಗೈ. ಅದರ ನಡುವೆ ನೀರು ತೊಟ್ಟಿಕ್ಕುವ ಕಪ್ಪು ಲಿಂಗ. ಆಕ್ಸಿಜನ್ ಮಾಸ್ಕಿನೊಳಗೆ ತುಟಿ ಅಲುಗುತ್ತಿತ್ತು. ಪಕ್ಕದ ಮಂಚದಲ್ಲಿ ಯಾರೋ ಎದ್ದು ಕುಳಿತಂತಾಯಿತು. ಕಾಂತಾ ಟೇಬಲ್ಲಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡೇ ಇದ್ದಳು.

ನಾಲ್ಕೂ ಹತ್ತಕ್ಕೆ ಬಾಳವ್ವ ಕರಡಿಗೆಯನ್ನು ಕೊರಳಿಗೆ ಹಾಕಿಕೊಂಡು ಕೈ ಚಾಚಿದಳು. "ಎಲ್ಲೈತಿ ನಿಮ್ಮ ಗಂಜಿ? ಕೊಡ್ರಿಲ್ಲಿ."

ಮುಗ್ಧಾ ಮಾಸ್ಕು ಸರಿಸಿದಳು. ಬಾಳವ್ವ ಒಂದು ಚಮಚ ನುಂಗಿದಳು. ಇನ್ನೊಂದು. ಕಾಂತಾ ಭರ್ತಿಯ ಖಾಲಿ ಅರ್ಜಿಯೊಂದನ್ನು ಎಳೆದುಕೊಂಡು, ಆಭರಣಗಳ ಸಾಲಿನ ಮೇಲೆ ಬರೆದಳು: 'ಮೈಮೇಲಿಂದ ತೆಗೆಯಬಾರದ್ದು ಏನಿದೆ? ಕೇಳಿ ಬರೆಯಿರಿ.' ಅಕ್ಷರ ಸೊಟ್ಟಗಿತ್ತು.

"ಏ ಟಿವಿಯಾಗಿನ ತಂಗಿ," ಎಂದಳು ಬಾಳವ್ವ, ಬಾಯಿ ತುಂಬಿಕೊಂಡೇ. "ಉಪ್ಪ ಹಾಕಿಲ್ಲಲ್ಲ ಇದಕ್ಕ. ಅದನ್ನೂ ಬರಕೋ."